ಮಂಜರಾಬಾದ್: ಗಡಿ ಕಾಯುವ ಕೋಟೆಗೆ ನಕ್ಷತ್ರದ ಆಕಾರ ಯಾಕೆ?

ಮಳೆಗಾಲ ಶುರುವಾದರೆ ಸಾಕು, ಫೋನಿನಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಸಿರು ಗುಡ್ಡದ ನೆತ್ತಿಯ ಮೇಲೆ ಕಲ್ಲಿನಲ್ಲಿ ಬಿಡಿಸಿದ ಹಾಗಿರುವ ಎಂಟು ಮೂಲೆಯ ನಕ್ಷತ್ರ. ಸುತ್ತ ಮಂಜು. ಡ್ರೋನ್ ಹಾರಿಸಿ ತೆಗೆದದ್ದು. ಅದು ಸಕಲೇಶಪುರದ ಮಂಜರಾಬಾದ್ ಕೋಟೆ. ಚಿತ್ರ ನೋಡಿದವರು ವಾರಾಂತ್ಯಕ್ಕೆ ಗಾಡಿ ಹತ್ತುತ್ತಾರೆ. ಸುಮಾರು 250 ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಒಳಗೆ ಬಂದವರ ಮೊದಲ ಮಾತು ಹೆಚ್ಚಾಗಿ ಒಂದೇ: ‘ನಕ್ಷತ್ರ ಎಲ್ಲಿ?’

ಸರಿಯಾದ ಪ್ರಶ್ನೆ. ನೆಲದ ಮೇಲೆ ನಿಂತವರಿಗೆ ನಕ್ಷತ್ರ ಕಾಣುವುದೇ ಇಲ್ಲ. ಒಂದು ಗೋಡೆ, ಒಂದು ಮೂಲೆ, ಮತ್ತೊಂದು ಗೋಡೆ, ಮತ್ತೊಂದು ಮೂಲೆ, ಅಷ್ಟೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಈ ಕೋಟೆ ಕಟ್ಟಿ ಮುಗಿದಾಗ ಆಕಾಶದಿಂದ ನೋಡಿ ಮೆಚ್ಚುವವರು ಯಾರೂ ಇರಲಿಲ್ಲ. ಹಾಗಾದರೆ ಇಷ್ಟು ಕಷ್ಟಪಟ್ಟು ಈ ಆಕಾರ ಯಾಕೆ? ಸುಮ್ನೆ ಚೌಕವಾಗಿ ಕಟ್ಟಬಹುದಿತ್ತು, ಅಲ್ವಾ?

ಈ ಆಕಾರ ಅಂದಕ್ಕೆ ಬಂದದ್ದಲ್ಲ. ಶತ್ರು ಎಲ್ಲಿ ಅಡಗಿ ಕೂರಬಹುದು ಎಂಬ ಒಂದೇ ಚಿಂತೆ ಈ ಗೋಡೆಗಳನ್ನು ಹೀಗೆ ಬಾಗಿಸಿದೆ. ಅದು ಅರ್ಥವಾದರೆ ನೆಲದ ಮೇಲೆ ನಿಂತೇ ನಕ್ಷತ್ರ ಕಾಣುತ್ತದೆ.

ಗಡಿ ಕೋಟೆ ಅಂದರೆ ಏನು?

ಕೋಟೆಗಳಲ್ಲಿ ಹಲವು ಬಗೆ. ಶ್ರೀರಂಗಪಟ್ಟಣದ ಕೋಟೆ ರಾಜಧಾನಿಯ ಕೋಟೆ. ಅದರೊಳಗೆ ಅರಮನೆ, ಗುಡಿ, ಮಸೀದಿ, ಪೇಟೆ, ಜನ ಎಲ್ಲ ಇದ್ದರು. ಚಿತ್ರದುರ್ಗವೂ ಹಾಗೆಯೇ, ಕೋಟೆಯೊಳಗೆ ಒಂದು ಊರು.

ಗಡಿ ಕೋಟೆಯಲ್ಲಿ ಊರು ಇರುವುದಿಲ್ಲ. ಅಲ್ಲಿರುವುದು ಒಂದು ದಂಡು, ಅದಕ್ಕೆ ಬೇಕಾದ ಮದ್ದುಗುಂಡು, ದವಸ, ನೀರು. ಅದರ ಕೆಲಸವೂ ಬೇರೆ. ರಾಜ್ಯದ ಅಂಚಿನಲ್ಲಿ ನಿಂತು ದಾರಿ ಕಾಯಬೇಕು. ಯಾರು ಬಂದರು, ಯಾರು ಹೋದರು ಎಂದು ನೋಡಬೇಕು. ದೊಡ್ಡ ಸೈನ್ಯ ಬಂದರೆ ಅದನ್ನು ಸೋಲಿಸಲೇಬೇಕು ಅಂತೇನಿಲ್ಲ. ಕೆಲವು ವಾರ ತಡೆದು ನಿಲ್ಲಿಸಿದರೂ ಸಾಕು. ಅಷ್ಟರಲ್ಲಿ ರಾಜಧಾನಿಗೆ ಸುದ್ದಿ ಮುಟ್ಟುತ್ತದೆ, ಸೈನ್ಯ ಕೂಡುತ್ತದೆ. ಮಲೆನಾಡಿನಲ್ಲಾದರೆ ಇನ್ನೂ ಒಂದು ಲಾಭ: ಶತ್ರುವನ್ನು ಮಳೆಗಾಲದವರೆಗೆ ತಡೆದುಬಿಟ್ಟರೆ ಮುಂದಿನ ಕೆಲಸ ಮಳೆಯೇ ಮಾಡುತ್ತದೆ. ಮಳೆ ಏನು ಮಾಡಬಲ್ಲದು ಎನ್ನುವುದಕ್ಕೆ ಬಯಲುಸೀಮೆಯಲ್ಲೇ ಒಂದು ಸಾಕ್ಷಿ ಇದೆ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು.

ಇದೇ ಗುಡ್ಡ ಯಾಕೆ?

ಮಂಜರಾಬಾದ್ ಕೋಟೆ ಇರುವುದು ಸಕಲೇಶಪುರದಿಂದ ಮಂಗಳೂರಿನ ಕಡೆ ಐದಾರು ಕಿ.ಮೀ. ದೂರದಲ್ಲಿ, ದೋಣಿಗಾಲ್ ಹತ್ತಿರ. ಸಮುದ್ರ ಮಟ್ಟದಿಂದ 988 ಮೀಟರ್ ಎತ್ತರ. ಇಲ್ಲಿಂದ ಮುಂದೆ ನೆಲ ಜಾರುತ್ತದೆ, ಘಾಟಿ ಶುರು. ಶಿರಾಡಿ ಇಳಿದರೆ ಗುಂಡ್ಯ, ಆಮೇಲೆ ಕರಾವಳಿ. ದಕ್ಷಿಣಕ್ಕೆ ಬಿಸಿಲೆ, ಅದರಾಚೆ ಕೊಡಗು. ಮೇಲುಸೀಮೆ, ಕರಾವಳಿ, ಕೊಡಗು ಮೂರೂ ಮೈ ತಾಗಿಸಿಕೊಂಡಿರುವ ಜಾಗ ಇದು.

ಮೈಸೂರಿಗೆ ಮಂಗಳೂರು ಬಹಳ ಬೇಕಾದ ಊರು. ಸಮುದ್ರ ಇದ್ದದ್ದು ಅಲ್ಲಿ, ಹಡಗು ಬರುತ್ತಿದ್ದದ್ದು ಅಲ್ಲಿಗೆ. ಒಮಾನ್‌ನ ಮಸ್ಕತ್‌ನಲ್ಲಿ ಟಿಪ್ಪುವಿನದೇ ವ್ಯಾಪಾರದ ಕೋಠಿ ಇತ್ತು. ಆದರೆ ಸರಕು ಬರುವ ದಾರಿಯಲ್ಲೇ ಶತ್ರುವೂ ಬರಬಹುದು. 1783ರಲ್ಲಿ ಅದೇ ಆಯಿತು. ಬಾಂಬೆಯಿಂದ ಹಡಗಿನಲ್ಲಿ ಬಂದ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಕರಾವಳಿಯಲ್ಲಿ ಇಳಿದು, ಹೊಸಂಗಡಿ ಘಾಟಿ ಹತ್ತಿ, ಬಿದನೂರನ್ನು (ಈಗಿನ ನಗರ) ಹಿಡಿದುಬಿಟ್ಟಿತು. ಟಿಪ್ಪು ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಗೆದ್ದ, ನಿಜ. ಆದರೆ ಪಶ್ಚಿಮ ಘಟ್ಟ ಗೋಡೆಯಲ್ಲ, ಅದರಲ್ಲಿ ಬಾಗಿಲುಗಳಿವೆ ಎನ್ನುವುದು ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು.

ದಕ್ಷಿಣದಲ್ಲೂ ನೆಮ್ಮದಿ ಇರಲಿಲ್ಲ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಕೊಡಗಿನ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಹೋಗಿ, ಮೈಸೂರಿನ ವಿರುದ್ಧ ನಿಂತು, ಇಂಗ್ಲಿಷರ ಜೊತೆ ಕೈಜೋಡಿಸಿದ. ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೇ ಮೈಸೂರು ಯುದ್ಧದಲ್ಲಿ (1790–92) ಇಂಗ್ಲಿಷರ ಬಾಂಬೆ ಸೈನ್ಯ ಶ್ರೀರಂಗಪಟ್ಟಣದ ಕಡೆ ಹತ್ತಿ ಬಂದದ್ದು ಕೊಡಗಿನ ದಾರಿಯಲ್ಲೇ.

ಸ್ಥಳೀಯ ನಾಯಕರ ವಿಷಯವೂ ಇದೆ. ಈ ಸೀಮೆಗೆ ಆಗ ಬಲಂ ಎಂದು ಹೆಸರು. ಐಗೂರಿನ ಪಾಳೇಗಾರರು ಇದನ್ನು ಆಳುತ್ತಿದ್ದರು. ಪಾಳೇಗಾರ ಎಂದರೆ ದೊಡ್ಡ ರಾಜನಿಗೆ ಕಪ್ಪ ಕೊಟ್ಟು ತನ್ನ ಸೀಮೆಯನ್ನು ತಾನೇ ನೋಡಿಕೊಳ್ಳುವವನು. ಇವರಲ್ಲಿ ಕೃಷ್ಣಪ್ಪ ನಾಯಕ ಯುದ್ಧದ ಹೊತ್ತಿಗೆ ಟಿಪ್ಪುವಿನ ವಿರೋಧಿಗಳನ್ನು ಸೇರಿಕೊಂಡ. ಸಂಧಿಯಾದ ಮೇಲೆ ಹೆದರಿ ಕೊಡಗಿಗೆ ಹೋದ. ಟಿಪ್ಪು ಅವನನ್ನು ವಾಪಸ್ ಕರೆಸಿ ಐಗೂರು ಸೀಮೆಯನ್ನು ಬಿಟ್ಟುಕೊಟ್ಟ. ಗಡಿಯ ಬದುಕು ಹೀಗೇ ಇರುತ್ತಿತ್ತು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ನಾಯಕನಿಗೆ ಇಂದು ಒಬ್ಬ ಗೆದ್ದಂತೆ ಕಂಡರೆ ನಾಳೆ ಇನ್ನೊಬ್ಬ.

1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಸಂಧಿ ಆಯಿತು. ಟಿಪ್ಪು ಅರ್ಧದಷ್ಟು ರಾಜ್ಯ ಬಿಟ್ಟುಕೊಡಬೇಕಾಯಿತು. ಮಲಬಾರ್ ಹೋಯಿತು, ಕೊಡಗು ಇಂಗ್ಲಿಷರ ಆಸರೆಗೆ ಹೋಯಿತು. ಮಂಗಳೂರು ಮಾತ್ರ ಉಳಿಯಿತು. ಈಗ ನಕ್ಷೆಯನ್ನು ಮನಸ್ಸಿಗೆ ತಂದುಕೊಳ್ಳಿ. ಶ್ರೀರಂಗಪಟ್ಟಣದಿಂದ ಸಮುದ್ರಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಆಗದವರ ಕೊಡಗು. ಆ ದಾರಿ ಕಾಯುವ ಗುಡ್ಡಕ್ಕೆ ಬೆಲೆ ಜಾಸ್ತಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ವರ್ಷ ಬಿಟ್ಟು, 1794ರಲ್ಲಿ, ಘಟ್ಟದ ಕೆಳಗೆ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲಿನ ಮೇಲೆ ಟಿಪ್ಪು ಜಮಲಾಬಾದ್ ಕೋಟೆ ಕಟ್ಟಿಸಿದ. ಮಂಗಳೂರಿನಲ್ಲಿ ಹೊಳೆಯೊಳಗೆ ಹಡಗು ನುಗ್ಗದಂತೆ ಕಾಯಲು ಸುಲ್ತಾನ್ ಬತ್ತೇರಿ ಮೊದಲೇ ಇತ್ತು. ಹೊಳೆಯ ಬಾಯಲ್ಲಿ ಒಂದು, ಘಟ್ಟದ ಬುಡದಲ್ಲಿ ಒಂದು, ನೆತ್ತಿಯಲ್ಲಿ ಒಂದು.

ಗೋಡೆಯ ಬುಡದ ಕುರುಡು ಜಾಗ

ಈಗ ಆಕಾರದ ವಿಷಯಕ್ಕೆ ಬರೋಣ.

ನಿಮ್ಮ ಮನೆಯ ತಾರಸಿ ಮೇಲೆ ನಿಂತು ಕೆಳಗೆ ನೋಡಿ. ಬೀದಿ ಕಾಣುತ್ತದೆ, ಎದುರು ಮನೆ ಕಾಣುತ್ತದೆ. ಆದರೆ ಪಕ್ಕದ ಮನೆಯ ಹುಡುಗ ನಿಮ್ಮದೇ ಗೋಡೆಗೆ ಬೆನ್ನು ಒತ್ತಿ ಕೂತರೆ? ಅವನನ್ನು ನೋಡಬೇಕಾದರೆ ನೀವು ಕಟ್ಟೆಯ ಮೇಲಿಂದ ಬಗ್ಗಿ ತಲೆ ಹೊರಗೆ ಹಾಕಬೇಕು. ಯುದ್ಧದಲ್ಲಿ ಹಾಗೆ ತಲೆ ಹಾಕಿದವನಿಗೆ ಗುಂಡು ಬೀಳುತ್ತದೆ.

ಇದನ್ನು ಕುರುಡು ಜಾಗ ಎನ್ನೋಣ. ಶತ್ರುವಿಗೆ ಬೇಕಾದದ್ದು ಈ ಜಾಗವೇ. ಒಮ್ಮೆ ಗೋಡೆಯ ಬುಡ ಸೇರಿದರೆ ಅಲ್ಲಿ ನಿಧಾನವಾಗಿ ಕನ್ನ ಕೊರೆಯಬಹುದು, ಮದ್ದು ತುಂಬಿ ಸಿಡಿಸಬಹುದು, ಏಣಿ ಹಾಕಬಹುದು.

ಇದಕ್ಕೆ ಹಳೆಯ ಉಪಾಯ ಕೊತ್ತಲ. ‘ಕೋಟೆ ಕೊತ್ತಲ’ ಎಂದು ಜೋಡಿಯಾಗಿ ಹೇಳುತ್ತೇವಲ್ಲ, ಅದೇ. ಗೋಡೆಯ ಸಾಲಿನಿಂದ ಮುಂದಕ್ಕೆ ಚಾಚಿಕೊಂಡ ಭಾಗ. ಬುರುಜು ಎಂದೂ ಕರೆಯುತ್ತಾರೆ. ಅದರ ಮೇಲೆ ನಿಂತವನಿಗೆ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಆದರೆ ನಮ್ಮ ಹಳೆಯ ಕೋಟೆಗಳ ಎಷ್ಟೋ ಕೊತ್ತಲಗಳು ದುಂಡಗಿವೆ. ಕಣ್ಣಾಮುಚ್ಚಾಲೆ ಆಡಿದ ಎಲ್ಲರಿಗೂ ದುಂಡು ಕಂಬದ ಗುಟ್ಟು ಗೊತ್ತು: ಅದರ ಮುಂದೆ ಒತ್ತಿ ನಿಂತವನು ಎರಡು ಪಕ್ಕದವರಿಗೂ ಪೂರ್ತಿ ಕಾಣುವುದಿಲ್ಲ. ದುಂಡು ಕೊತ್ತಲದ ಮೂತಿಯಲ್ಲೂ ಹಾಗೆ ಒಂದು ಕುರುಡು ಜಾಗ ಉಳಿದುಬಿಡುತ್ತದೆ.

ಕುರುಡು ಜಾಗ ಎಷ್ಟು ಅಪಾಯ ಎನ್ನುವುದಕ್ಕೆ ಕನ್ನಡಿಗರಿಗೆ ಬೇರೆ ಉದಾಹರಣೆ ಬೇಡ. ಒನಕೆ ಓಬವ್ವನ ಕಥೆ ಇರುವುದೇ ಅದರ ಮೇಲೆ. ಏಳು ಸುತ್ತಿನ ಚಿತ್ರದುರ್ಗದ ಕೋಟೆ ಎಲ್ಲ ಕಡೆ ಭದ್ರವಾಗಿತ್ತು. ಕಾವಲಿನ ಕಣ್ಣಿಗೆ ಬೀಳದ ಒಂದು ಕಿಂಡಿ ಉಳಿದಿತ್ತು. ಹೈದರ್ ಅಲಿಯ ಸೈನಿಕರು ನುಸುಳಿದ್ದು ಅಲ್ಲಿಂದ ಎಂದು ಜನ ಹೇಳುತ್ತಾರೆ. ಅದೇ ಹೈದರನ ಮಗ ಮುಂದೆ, ಯಾವ ಮೂಲೆಯೂ ಕಣ್ಣಿಗೆ ತಪ್ಪದಂಥ ಕೋಟೆ ಕಟ್ಟಿಸಿದ. ಒಂದನ್ನು ನೋಡಿ ಇನ್ನೊಂದು ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆ ಇರುವ ಪ್ರಶ್ನೆ ಒಂದೇ.

ಅಂಗೈ ಅಗಲಿಸಿ ನೋಡಿ

ಮೇಜಿನ ಮೇಲೆ ಅಂಗೈ ಇಟ್ಟು ಬೆರಳುಗಳನ್ನು ಚೆನ್ನಾಗಿ ಅಗಲಿಸಿ. ಎರಡು ಬೆರಳ ನಡುವೆ ಒಂದು ಅಕ್ಕಿಕಾಳು ಇಡಿ. ಆ ಕಾಳಿಗೆ ಎಡಕ್ಕೂ ಬೆರಳು, ಬಲಕ್ಕೂ ಬೆರಳು. ಎಲ್ಲಿ ಸರಿಸಿದರೂ ಕನಿಷ್ಠ ಒಂದು ಬೆರಳಿನ ಪಕ್ಕೆಗೆ ಅದು ಕಾಣುತ್ತಲೇ ಇರುತ್ತದೆ.

ನಕ್ಷತ್ರ ಕೋಟೆಯ ಲೆಕ್ಕ ಇಷ್ಟೇ. ಪ್ರತಿ ಚೂಪು ಮೂಲೆಯೂ ಒಂದು ಬೆರಳು. ಒಂದು ಮೂಲೆಯಲ್ಲಿ ನಿಂತ ಸೈನಿಕ ತನ್ನ ಕಾಲ ಕೆಳಗಿನ ಗೋಡೆಯನ್ನು ಕಾಯುವುದಿಲ್ಲ. ಪಕ್ಕದ ಮೂಲೆಯ ಗೋಡೆಯನ್ನು ಕಾಯುತ್ತಾನೆ. ಅವನ ಗೋಡೆಯನ್ನು ಪಕ್ಕದವನು ಕಾಯುತ್ತಾನೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಪಕ್ಕದವನಿಗೆ ಕಾಣುತ್ತದೆ, ಹಾಗೆ. ಮೂಲೆ ದುಂಡಗಿರದೆ ಚೂಪಾಗಿರುವುದರಿಂದ ಮೂತಿಯಲ್ಲಿ ಅಡಗುವ ಜಾಗವೂ ಇಲ್ಲ. ಮುಂದೆ ಬಂದ ಶತ್ರು ಎರಡು ಚೂಪುಗಳ ನಡುವಿನ ಇಕ್ಕಳದೊಳಗೆ ಕಾಲಿಟ್ಟ ಹಾಗೆ. ಎರಡೂ ಕಡೆಯಿಂದ ಗುಂಡು ಬರುತ್ತದೆ.

ಈ ಕೋನಗಳನ್ನು ಮನಸ್ಸಿಗೆ ಬಂದ ಹಾಗೆ ಇಡುವಂತಿಲ್ಲ. ಆ ಕಾಲದ ಕೋವಿಯಿಂದ ನೂರು ಮೀಟರ್ ಆಚೆಗೆ ಹೊಡೆದರೆ ಗುರಿ ನಂಬುವ ಹಾಗಿರಲಿಲ್ಲ. ಮೂಲೆಗಳು ಬಹಳ ದೂರವಾದರೆ ಒಂದರ ಗುಂಡು ಇನ್ನೊಂದರ ಬುಡಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಬಹಳ ಹತ್ತಿರವಾದರೆ ನಡುವೆ ಜಾಗವಿಲ್ಲ. ಹಾಗಾಗಿ ಇಂಥ ಕೋಟೆ ಮೊದಲು ಕಾಗದದ ಮೇಲೆ ಹುಟ್ಟುತ್ತದೆ, ರೇಖಾಗಣಿತದ ಲೆಕ್ಕ ಹಾಕಿ.

ಆ ಲೆಕ್ಕ ಮೊದಲು ಬೆಳೆದದ್ದು ಇಟಲಿಯಲ್ಲಿ. 1494ರಲ್ಲಿ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್ ಎಳೆದುಕೊಂಡು ಹೋಗಬಲ್ಲ ಕಂಚಿನ ಫಿರಂಗಿಗಳೊಂದಿಗೆ ಅಲ್ಲಿಗೆ ನುಗ್ಗಿದ. ಎತ್ತರದ ತೆಳು ಗೋಡೆಗಳ ಹಳೆಯ ಕೋಟೆಗಳು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಕಟ್ಟುವವರು ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಹೊರಮೈಯನ್ನು ಇಳಿಜಾರು ಮಾಡಿದರು, ಹಿಂದೆ ಮಣ್ಣು ತುಂಬಿದರು. ಚೆಂಡನ್ನು ಇಟ್ಟಿಗೆ ಗೋಡೆಗೆ ಹೊಡೆಯುವುದಕ್ಕೂ ಮರಳಿನ ಮೂಟೆಗೆ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಮಣ್ಣು ಏಟನ್ನು ನುಂಗಿಕೊಳ್ಳುತ್ತದೆ.

ಈ ವಿದ್ಯೆಯನ್ನು ಪಳಗಿಸಿದವನು ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ (1633–1707). ಅವನ ಕೋಟೆಗಳಲ್ಲಿ 12 ಈಗ ಯುನೆಸ್ಕೋ ಪಟ್ಟಿಯಲ್ಲಿವೆ. ಅವುಗಳಲ್ಲೊಂದು, ಜರ್ಮನಿಯ ಗಡಿಗೆ ಅಂಟಿಕೊಂಡಿರುವ ನಫ್ ಬ್ರಿಸಾಕ್, ಎಂಟು ಮೂಲೆಯದು. ಮೈಸೂರಿಗೂ ಫ್ರೆಂಚರಿಗೂ ನಂಟು ಹಳೆಯದು. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು, 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸ್‌ಗೇ ಹೋಗಿ ಬಂದಿದ್ದರು. ಮಂಜರಾಬಾದ್‌ನ ನಕ್ಷೆಯಲ್ಲಿ ಕಾಣುವುದು ವೋಬಾನನ ಆ ಪದ್ಧತಿಯೇ. ಇಂಗ್ಲಿಷರೂ ಅದೇ ಪಾಠ ಕಲಿತಿದ್ದರು. ಕೋಲ್ಕತ್ತಾದಲ್ಲಿ ಅವರು ಪ್ಲಾಸಿ ಯುದ್ಧದ ನಂತರ ಕಟ್ಟಿದ ಹೊಸ ಫೋರ್ಟ್ ವಿಲಿಯಂ ಕೂಡ ನಕ್ಷತ್ರದ ಆಕಾರದ್ದು.

ಒಂದು ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಯೂರೋಪಿನ ಇಂಥ ಕೋಟೆಗಳು ಹೆಚ್ಚಾಗಿ ಬಯಲಿನವು. ಗುಡ್ಡವಿಲ್ಲದ ಕಡೆ ಆಕಾರವೇ ಆಸರೆ. ನಮ್ಮ ದುರ್ಗಗಳಲ್ಲಿ ಬಂಡೆಯೇ ಆಸರೆ. ಮಂಜರಾಬಾದ್‌ನಲ್ಲಿ ಇವೆರಡೂ ಕೂಡಿವೆ, ಮಲೆನಾಡಿನ ಗುಡ್ಡದ ಮೇಲೆ ಫ್ರಾನ್ಸಿನ ಲೆಕ್ಕ.

ನೀರು, ಮದ್ದು, ಮಳೆ

ಒಳಗೆ ಹೋದಾಗ ನಡುವಿನ ಕೊಳವನ್ನು ನಿಧಾನವಾಗಿ ನೋಡಿ. ಕೂಡಿಸುವ ಚಿಹ್ನೆಯ ಆಕಾರದಲ್ಲಿ, ಮೆಟ್ಟಿಲು ಸಮೇತ ನೆಲಕ್ಕಿಳಿದಿದೆ. ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಪಾಚಿ, ನೀರಲ್ಲಿ ಮೋಡದ ನೆರಳು. ಮುತ್ತಿಗೆ ಹಾಕಿದಾಗ ಶತ್ರು ಮೊದಲು ಕಡಿಯುವುದು ನೀರಿನ ದಾರಿಯನ್ನು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಕುಡಿಯಲು ನೀರಿಲ್ಲದ ದಂಡು ಬಾಗಿಲು ತೆರೆಯಲೇಬೇಕು.

ಕೊಳದ ಪಕ್ಕದಲ್ಲೇ ನೆಲದೊಳಗೆ ಎರಡು ಕೋಣೆಗಳಿವೆ. ಮದ್ದಿನ ಮನೆಗಳು. ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿದ ಪುಡಿ. ಅದಕ್ಕೆ ಇಬ್ಬರು ಶತ್ರುಗಳು, ಬೆಂಕಿ ಮತ್ತು ತೇವ. ಬೆಂಕಿ ತಾಗಿದರೆ ಕೋಟೆಯೇ ಹಾರಿಹೋಗುತ್ತದೆ. ತೇವ ತಾಗಿದರೆ ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳದ ಗತಿ, ಹೊತ್ತಿಸಿದರೂ ಹೊತ್ತುವುದಿಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಬಟ್ಟೆ ಒಣಗದ ಈ ಊರಲ್ಲಿ ಮದ್ದನ್ನು ಒಣಗಿಸಿ ಇಟ್ಟುಕೊಳ್ಳುವುದು ಯುದ್ಧದಷ್ಟೇ ದೊಡ್ಡ ಕೆಲಸ. ಇನ್ನು ಬೆಂಕಿ ತಾಗದಿರಲೆಂದು ಗೋಡೆಯಿಂದ ದೂರ, ನಡುವೆ, ತಂಪಾದ ನೆಲಮಾಳಿಗೆ.

ಹೊರಗೋಡೆ ಗ್ರಾನೈಟ್ ಕಲ್ಲು ಮತ್ತು ಸುಣ್ಣದ ಗಾರೆಯದು. ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆ ಬಳಸಿದ್ದಾರೆ. ಸೈನಿಕರ ಸಾಲುಕೋಣೆಗಳು, ಅಡುಗೆಮನೆ, ಶೌಚಾಲಯ, ಕುದುರೆ ಲಾಯ ಎಲ್ಲ ಇದ್ದವು. ಗೋಡೆಯುದ್ದಕ್ಕೂ ಕೋವಿಕಿಂಡಿಗಳಿವೆ. ಇಂಥ ಕಿಂಡಿ ಸಾಮಾನ್ಯವಾಗಿ ಒಳಗೆ ಅಗಲ, ಹೊರಗೆ ಕಿರಿದು. ಒಳಗಿನವನು ಕೋವಿಯನ್ನು ಎಡಬಲಕ್ಕೆ ತಿರುಗಿಸಬಹುದು, ಹೊರಗಿನವನಿಗೆ ಮಾತ್ರ ಗುರಿಯಿಡಲು ಒಂದು ಗೀಟಿನಷ್ಟು ಜಾಗ ಸಿಗುತ್ತದೆ.

ಮಂಜಿನ ಮಾತು ಬಂದಿತಲ್ಲ, ಹೆಸರಿನ ಕಥೆ ಹೇಳಿಬಿಡುತ್ತೇನೆ. ಕೋಟೆ ನೋಡಲು ಬಂದ ಟಿಪ್ಪುವಿಗೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲವಂತೆ, ಅದಕ್ಕೇ ಮಂಜರಾಬಾದ್ ಎಂದು ಹೆಸರಿಟ್ಟನಂತೆ. ಊರಿನವರು ಇಂದಿಗೂ ಹೀಗೇ ಹೇಳುತ್ತಾರೆ. ಬೆಳಗ್ಗೆ ಆರು ಗಂಟೆಗೆ ಅಲ್ಲಿ ನಿಂತವರಿಗೆ ಈ ಕಥೆ ನಂಬಲು ಕಷ್ಟವಾಗುವುದಿಲ್ಲ.

ಶ್ರೀರಂಗಪಟ್ಟಣಕ್ಕೆ ಸುರಂಗ ಇದೆಯಾ?

ಇದನ್ನು ಕೇಳದವರಿಲ್ಲ. ಒಂದು ಮೂಲೆಯಲ್ಲಿ ಸುರಂಗದಂಥ ದಾರಿ ಇದೆ, ಅದು ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ ಎಂಬ ಮಾತೂ ಇದೆ. ಸ್ವಲ್ಪ ಲೆಕ್ಕ ಹಾಕೋಣ. ಶ್ರೀರಂಗಪಟ್ಟಣ ಇಲ್ಲಿಂದ ನೇರ ಗೆರೆ ಎಳೆದರೂ ನೂರು ಕಿ.ಮೀ.ಗಿಂತ ಜಾಸ್ತಿ ದೂರ. ನಡುವೆ ಹೇಮಾವತಿ. ಆ ಕಡೆ ಶ್ರೀರಂಗಪಟ್ಟಣವೋ, ಕಾವೇರಿಯ ನಡುವಿನ ದ್ವೀಪ. ಎರಡು ಹೊಳೆಯ ಅಡಿಯಲ್ಲಿ, ಗಾಳಿ ಬೆಳಕಿನ ವ್ಯವಸ್ಥೆ ಮಾಡಿ, ಅಷ್ಟು ದೂರ ಕೊರೆಯುವುದು ಆ ಕಾಲಕ್ಕೆ ಆಗದ ಮಾತು.

ಆದರೆ ಕೋಟೆಗಳಲ್ಲಿ ಗುಟ್ಟಿನ ದಾರಿಗಳು ಇರುತ್ತಿದ್ದದ್ದು ಸುಳ್ಳಲ್ಲ. ದಿಡ್ಡಿ ಬಾಗಿಲು ಎನ್ನುವ ಸಣ್ಣ ಬಾಗಿಲಿನಿಂದ ರಾತ್ರಿ ಹೊರಬಿದ್ದು ಶತ್ರುವಿನ ಫಿರಂಗಿ ಕೆಡಿಸಿ ಬರಲು, ಸುದ್ದಿ ಕಳಿಸಲು ಅವು ಬೇಕಾಗುತ್ತಿದ್ದವು. ಅವುಗಳ ಉದ್ದ ಗೋಡೆಯಿಂದ ಆಚೆಯ ಇಳಿಜಾರಿನವರೆಗೆ ಇದ್ದರೆ ಸಾಕಿತ್ತು.

ಯುದ್ಧ ಬಂತು, ಬೇರೆ ದಾರಿಯಲ್ಲಿ

1799ರಲ್ಲಿ ಕೊನೆಯ ಯುದ್ಧ ನಡೆಯಿತು. ಮಾರ್ಚ್ 6ರಂದು ಪಿರಿಯಾಪಟ್ಟಣದ ಕಡೆ ಕೊಡಗಿನ ಗಡಿಯಲ್ಲಿ ಒಂದು ಕಾಳಗ, 27ರಂದು ಮಳವಳ್ಳಿಯಲ್ಲಿ ಇನ್ನೊಂದು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಶಿರಾಡಿಯ ನೆತ್ತಿಯ ಈ ಕೋಟೆಯ ಮುಂದೆ ದೊಡ್ಡ ಸೈನ್ಯ ಬಂದು ನಿಲ್ಲಲೇ ಇಲ್ಲ. ಇಷ್ಟು ಜಾಣತನದಿಂದ ಕಟ್ಟಿದ ಎಂಟು ಮೂಲೆಗಳು ತಮ್ಮ ಲೆಕ್ಕವನ್ನು ತೋರಿಸುವ ದಿನವೇ ಬರಲಿಲ್ಲ. ಕರಾವಳಿ ಇಂಗ್ಲಿಷ್ ಕಂಪನಿಗೆ ಹೋಯಿತು, ಮೈಸೂರು ಒಡೆಯರಿಗೆ ಮರಳಿತು. ಆದರೆ ಆ ಒಡೆಯರೂ ಕಂಪನಿಯ ಮಾತು ಮೀರುವಂತಿರಲಿಲ್ಲ. ಹಾಗಾಗಿ ಘಟ್ಟದ ಮೇಲೂ ಕೆಳಗೂ ಕಂಪನಿಯದೇ ನಡೆ. ಕೋಟೆ ಕಾಯಬೇಕಾದ ಗಡಿ ಇಲ್ಲವಾಯಿತು.

ಬಲಂ ಸೀಮೆ ಮಾತ್ರ ಸುಲಭವಾಗಿ ಬಗ್ಗಲಿಲ್ಲ. ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕ ಕಂಪನಿಗೆ ತಲೆಬಾಗದೆ ದಟ್ಟ ಕಾಡಿನೊಳಗೆ ನೆಲೆ ಮಾಡಿಕೊಂಡು ನಿಂತ. ಅವನ ಮೇಲೆ ಸೈನ್ಯ ತಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನಲ್ಲ, ಅವನೇ. 1802ರಲ್ಲಿ ಅರಕೆರೆಯ ಕಾಡುನೆಲೆ ಬಿತ್ತು. ವೆಂಕಟಾದ್ರಿಯನ್ನು ಹಿಡಿದು ನೇಣಿಗೆ ಹಾಕಿದರು. ಈ ಗುಡ್ಡಗಳಲ್ಲಿ ಕೊನೆಯವರೆಗೆ ಕಾದಾಡಿದ್ದು ಸುಲ್ತಾನನ ಕಲ್ಲಿನ ನಕ್ಷತ್ರವಲ್ಲ, ಪಾಳೇಗಾರನ ಕಾಡು.

ಕೋಟೆಯ ಹೆಸರು ಆಮೇಲೆ ಇಡೀ ತಾಲ್ಲೂಕಿಗೆ ಬಂತು. ಸಕಲೇಶಪುರದ ಸುತ್ತಲಿನ ಸೀಮೆಯನ್ನು ಬಹಳ ಕಾಲ ಮಂಜರಾಬಾದ್ ತಾಲ್ಲೂಕು ಎಂದೇ ಕರೆಯುತ್ತಿದ್ದರು. ಗುಡ್ಡದ ಸುತ್ತ ಕಾಫಿ ತೋಟಗಳು ಹಬ್ಬಿದವು. ಕಾಫಿ ಬೋರ್ಡ್ ಭಾರತದ ಕಾಫಿ ಸೀಮೆಗಳನ್ನು ಗುರುತಿಸಿದಾಗ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಜೊತೆ ಮಂಜರಾಬಾದ್ ಎಂಬುದನ್ನೂ ಬೇರೆಯಾಗಿ ಬರೆದುಕೊಂಡಿತು.

ಅಲ್ಲಿಗೆ ಹೋದಾಗ ಒಂದು ಮೂಲೆಯ ತುದಿಯವರೆಗೆ ನಡೆಯಿರಿ. ಕೆಳಗೆ ಬಗ್ಗಬೇಡಿ, ಕಲ್ಲು ಜಾರುತ್ತದೆ. ಪಕ್ಕಕ್ಕೆ ತಿರುಗಿ ಎದುರಿನ ಮೂಲೆಯ ಗೋಡೆಯ ಮೇಲೆ ಕಣ್ಣಾಡಿಸಿ. ಮೇಲಿನ ಅಂಚಿನಿಂದ ಹುಲ್ಲು ಬೆಳೆದ ಬುಡದವರೆಗೂ ಅದು ಕಾಣುತ್ತದೆ. ಅಲ್ಲಿ ನಿಂತ ಇನ್ನೊಬ್ಬರಿಗೆ ನಿಮ್ಮ ಗೋಡೆಯ ಬುಡ ಹಾಗೇ ಕಾಣುತ್ತಿರುತ್ತದೆ.